ಒಡೆದ ಮಂಡಳಿಗಳೂ ಕೂಡಿ ಆಡಿದ ‘ಮಾನಾಪಮಾನ’ವೂ

ಮೂವರು ಕನ್ನಡಿಗರು ಕೂಡಿದರೆ ಒಂದು ಸಂಘ, ನಾಲ್ಕನೆಯವರು ಬಂದರೆ ಎರಡು ಸಂಘ ಎಂದು ಮುಂಬಯಿಯಲ್ಲಿ ನಮ್ಮವರೇ ನಗೆಯಾಡುವುದುಂಟು. ರಾಜ್ಯೋತ್ಸವದ ನಾಟಕಕ್ಕೆ ತಾಲೀಮು ಶುರುವಾದ ಎರಡನೆಯ ವಾರಕ್ಕೆ ಪೇಟಿಯವರಿಗೂ ಹಾಡುವವರಿಗೂ ಶ್ರುತಿ ಕೂಡದಂತಾಗುವುದು, ನಾಯಕನ ಪಾತ್ರದವರು ಮುನಿಸಿಕೊಂಡು ಮನೆಯಲ್ಲಿ ಕುಳಿತುಬಿಡುವುದು, ಕೊನೆಯ ಗಳಿಗೆಯಲ್ಲಿ ಇನ್ನೊಬ್ಬರನ್ನು ಹುಡುಕಿ ತಂದು ಬಣ್ಣ ಹಚ್ಚುವುದು, ಇವೆಲ್ಲ ನಮ್ಮ ಸಂಘಗಳ ಕಾರ್ಯಕರ್ತರಿಗೆ ಹೊಸ ಸಂಗತಿಗಳಲ್ಲ. ಆದರೆ ಇದು ನಮ್ಮ ಜನರಿಗೇ ಅಂಟಿಕೊಂಡ ರೋಗವೆಂದು ತಿಳಿಯಬೇಕಾಗಿಲ್ಲ. ಇದೇ ಮುಂಬಯಿಯಲ್ಲಿ ಸಂಗೀತ ನಾಟಕಗಳನ್ನಾಡಿ ಜನರ ಮನಸ್ಸನ್ನು ಸೂರೆಗೊಂಡ ದೊಡ್ಡ ದೊಡ್ಡ ಮಂಡಳಿಗಳೂ ಹೀಗೆಯೇ ಮುನಿದವು, ಒಡೆದವು, ಹೊಸಬರನ್ನು ಕಟ್ಟಿಕೊಂಡು ಮುಂದೆ ನಡೆದವು. ಅವು ಆಡಿದ ಭಾಷೆ ಮರಾಠಿ. ಆದರೂ ಆ ಕಥೆಯ ಮೊದಲಿಗೆ, ನಡುವಿಗೆ, ಕೊನೆಗೆ ನಮ್ಮ ನಾಡಿನ ಊರುಗಳೇ ಬರುತ್ತವೆ. ನಮ್ಮ ನಾಡಿನ ಹೆಣ್ಣುಮಗಳೊಬ್ಬರು ಬರುತ್ತಾರೆ. ಅವರ ತಲೆಯ ಮೇಲೆ ಹೊರಿಸಿದ ಅಪವಾದವೊಂದು ಇನ್ನೂ ಪೂರ್ತಿ ಇಳಿದಿಲ್ಲ. ಅದಕ್ಕಾಗಿಯೇ ಈ ಹಳೆಯ ಲೆಕ್ಕವನ್ನು ಇಸವಿಗಳ ಸಮೇತ ಮತ್ತೊಮ್ಮೆ ಬಿಚ್ಚಿ ನೋಡಬೇಕೆನಿಸುತ್ತದೆ.

ಮರಾಠಿ ರಂಗಭೂಮಿಯ ಹುಟ್ಟನ್ನು ೧೮೪೩ನೆಯ ಇಸವಿಯಿಂದ ಎಣಿಸುವುದು ವಾಡಿಕೆ. ಕರ್ನಾಟಕದಿಂದ ಹೋದ ಭಾಗವತ ಮೇಳದವರು ಸಾಂಗಲಿಯ ಸಂಸ್ಥಾನಿಕರೆದುರು ಆಟವಾಡಿದ್ದರು. ಅಂಥದೇ ಒಂದನ್ನು ಮರಾಠಿಯಲ್ಲಿ ಕಟ್ಟಬೇಕೆಂದು ಅವರು ವಿಷ್ಣುದಾಸ ಭಾವೆಯವರಿಗೆ ಹೇಳಿದರು. ‘ಸೀತಾಸ್ವಯಂವರ’ ರಂಗಕ್ಕೆ ಬಂದುದು ಆ ವರ್ಷ. ಅದೇ ವರ್ಷವೇ ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಬಳವಂತ ಪಾಂಡುರಂಗ ಕಿರ್ಲೋಸ್ಕರರು ಹುಟ್ಟಿದರು. ಅಣ್ಣಾಸಾಹೇಬ ಕಿರ್ಲೋಸ್ಕರರೆಂದರೆ ಇವರೇ. ಸರಕಾರಿ ನೌಕರಿಯಲ್ಲಿದ್ದುಕೊಂಡೇ ೧೮೮೦ರ ಅಕ್ಟೋಬರ್ ೩೧ರಂದು ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ಆಡಿಸಿದರು. ಅಲ್ಲಿಯ ತನಕ ಸೂತ್ರಧಾರನೊಬ್ಬನೇ ಎಲ್ಲರ ಪರವಾಗಿ ಹಾಡುತ್ತಿದ್ದ. ಇನ್ನು ಮೇಲೆ ಪಾತ್ರಧಾರಿಯೇ ತನ್ನ ಪದವನ್ನು ತಾನು ಹಾಡಬೇಕಾಯಿತು. ಧಾಟಿಗಳಲ್ಲಿ ಕರ್ನಾಟಕದವೂ ಅನೇಕ ಬೆರೆತವು. ಎರಡು ವರ್ಷಗಳಲ್ಲಿ ‘ಸೌಭದ್ರ’ ಬಂತು. ೧೮೮೫ರಲ್ಲಿ ಅಣ್ಣಾಸಾಹೇಬರು ಗುರ್ಲಹೊಸೂರಿನಲ್ಲೇ ಕಾಲವಶರಾದರು.

ಈ ಸಣ್ಣ ಬದಲಾವಣೆಯಲ್ಲಿಯೇ ಮುಂದಿನ ಜಗಳಗಳ ಬೀಜವೂ ಇತ್ತೆಂದು ನನ್ನ ಅಭಿಪ್ರಾಯ. ಪಾತ್ರಧಾರಿಯೇ ಹಾಡುವವನಾದ ಮೇಲೆ ಜನ ಬರುವುದು ನಾಟಕಕ್ಕಲ್ಲ, ಒಂದು ಕಂಠಕ್ಕೆ. ಆ ಕಂಠವಿದ್ದವನು ಸಾಮಾನ್ಯವಾಗಿ ಹತ್ತು ಹನ್ನೆರಡು ವರ್ಷದ ಹುಡುಗನಾಗಿ ಕಂಪನಿಗೆ ಬಂದಿರುತ್ತಾನೆ. ಬಿಡಾರದ ಪಂಕ್ತಿಯಲ್ಲಿ ಉಂಡು, ಅಲ್ಲೇ ಮಲಗಿ, ಗುರುವಿನ ಏಟು ತಿಂದು ಸ್ತ್ರೀಪಾತ್ರಕ್ಕೆ ಪಳಗಿರುತ್ತಾನೆ. ಅವನಿಗೆ ಹೆಸರು ಬರುವ ಹೊತ್ತಿಗೆ ಗಂಟಲು ಒಡೆಯುವ ವಯಸ್ಸೂ ಬರುತ್ತದೆ. ಗಂಟಲು ಉಳಿದರೆ, ‘ನನ್ನಿಂದ ಬರುವ ಹಣದಲ್ಲಿ ನನ್ನ ಪಾಲೆಷ್ಟು’ ಎಂಬ ಪ್ರಶ್ನೆ ಬರುತ್ತದೆ. ಪರದೆ, ಪೆಟ್ಟಿಗೆ, ಬಟ್ಟೆ, ಸಾಲ ಎಲ್ಲ ಮಾಲಕರ ಹೆಸರಿನಲ್ಲಿ. ಗಳಿಕೆ ಮಾತ್ರ ಇವನ ಗಂಟಲಿನಲ್ಲಿ. ಇಬ್ಬರೂ ತಾವಿಲ್ಲದೆ ಕಂಪನಿ ಇಲ್ಲವೆಂದು ನಂಬಿದವರೇ, ಇಬ್ಬರ ಮಾತೂ ನಿಜವೇ.

ಕಿರ್ಲೋಸ್ಕರ ಮಂಡಳಿಯ ಮೊದಲ ದೊಡ್ಡ ಕಂಠ ಭಾವೂರಾವ್ ಕೊಲ್ಹಟಕರ ಅವರದು. ಅವರು ೧೯೦೧ರಲ್ಲಿ ತೀರಿಕೊಂಡಾಗ ಮಂಡಳಿ ಮುಳುಗಿತೆಂದೇ ಜನ ಅಂದುಕೊಂಡರು. ನಾನಾಸಾಹೇಬ ಜೋಗಳೇಕರರು ಹೊರೆ ಹೊತ್ತರು. ೧೯೦೫ರಲ್ಲಿ ನಾರಾಯಣ ಶ್ರೀಪಾದ ರಾಜಹಂಸ ಎಂಬ ಹುಡುಗ ಬಂದು ಸೇರಿದ. ಇವನನ್ನೇ ಜಗತ್ತು ಬಾಲಗಂಧರ್ವನೆಂದು ಕರೆದುದು. ಹೆಸರಿಟ್ಟವರು ಲೋಕಮಾನ್ಯ ತಿಲಕರೆಂದು ಪ್ರತೀತಿ. ೧೯೧೧ರ ಮಾರ್ಚ್ ೧೨ರಂದು ಮುಂಬಯಿಯ ರಿಪನ್ ಥಿಯೇಟರಿನಲ್ಲಿ ಖಾಡಿಲಕರರ ‘ಮಾನಾಪಮಾನ’ ಮೊದಲ ಸಲ ನಡೆಯಿತು. ಬಾಲಗಂಧರ್ವರು ಭಾಮಿನಿ, ಜೋಗಳೇಕರರು ಧೈರ್ಯಧರ. ಪದಗಳಿಗೆ ಧಾಟಿ ಹಾಕಿದವರು ಪೇಟಿಯ ಮೇಲೆ ಅಸಾಧಾರಣ ಕೈಯಿದ್ದ ಗೋವಿಂದರಾವ್ ಟೇಂಬೆ. ಈ ನಾಟಕದ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಹತ್ತು ವರ್ಷದ ಮೇಲೆ ಇದೇ ಊರಿನಲ್ಲಿ ಅದನ್ನು ಮತ್ತೆ ನೋಡಲಿಕ್ಕಿದೆ.

ಅದೇ ವರ್ಷ ಜೋಗಳೇಕರರು ತೀರಿಕೊಂಡರು. ಆಡಳಿತ ನಡೆಸುತ್ತಿದ್ದ ಶಂಕರರಾವ್ ಮುಜುಮದಾರರಿಗೂ ಮುಖ್ಯ ನಟರಿಗೂ ನಡುವೆ ನಿಂತು ಮಾತು ತೂಗಿಸುವವರು ಇಲ್ಲವಾದರು. ೧೯೧೩ರ ಜುಲೈ ತಿಂಗಳಲ್ಲಿ ಬಾಲಗಂಧರ್ವರು, ಗಣಪತರಾವ್ ಬೋಡಸರು, ಟೇಂಬೆಯವರು ಮೂವರೂ ಹೊರಬಿದ್ದು ‘ಗಂಧರ್ವ ನಾಟಕ ಮಂಡಳಿ’ಯನ್ನು ಕಟ್ಟಿದರು. ಉಂಡ ಮನೆಗೆ ಎರಡು ಬಗೆದರೆಂದು ಬೈದವರಿಗೆ ಕೊರತೆಯಿರಲಿಲ್ಲ. ಇಷ್ಟಕ್ಕೂ ಹೊಸ ಮಂಡಳಿಯಲ್ಲಿ ಪಾಲುದಾರಿಕೆ ಸಮನಾಗಿತ್ತು: ಹಾಡುವವರೊಬ್ಬರು, ನಟನೆಯಲ್ಲಿ ನುರಿತವರೊಬ್ಬರು, ಧಾಟಿ ಹಾಕುವವರೊಬ್ಬರು. ಕೇಳಿದರೆ ಇದಕ್ಕಿಂತ ಒಳ್ಳೆಯ ಕೂಟ ಇನ್ನೊಂದಿಲ್ಲವೆನಿಸುತ್ತದೆ. ಆದರೆ ಕೆಲವೇ ವರ್ಷಗಳಲ್ಲಿ ಟೇಂಬೆಯವರು ಹೊರಟು ‘ಶಿವರಾಜ’ ಮಂಡಳಿ ಕಟ್ಟಿದರು. ಮುಂದೆ ಬೋಡಸರೂ ಪಾಲುದಾರಿಕೆ ಬಿಟ್ಟರು. ಉಳಿದವರು ಬಾಲಗಂಧರ್ವರೊಬ್ಬರೇ, ಮತ್ತು ಸಾಲ.

ನಡುವೆ ನಮ್ಮ ಹುಬ್ಬಳ್ಳಿಯ ಕಡೆ ಒಮ್ಮೆ ತಿರುಗಬೇಕು. ಹುಬ್ಬಳ್ಳಿ-ಧಾರವಾಡಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ರೈಲು ಬಂದ ಮೇಲೆ ಮರಾಠಿ ಕಂಪನಿಗಳು ಅಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡುತ್ತಿದ್ದವು. ಈ ಪ್ರವಾಹವನ್ನು ಕಂಡೇ ಗದುಗಿನಲ್ಲಿ ಶಾಂತಕವಿಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡ ನಾಟಕ ಮಂಡಳಿ ಕಟ್ಟಲು ಸೊಂಟ ಕಟ್ಟಿದ್ದು. ಅಂಥ ಹುಬ್ಬಳ್ಳಿಯಲ್ಲಿ ೧೯೦೮ರ ಜನವರಿ ಒಂದನೆಯ ತಾರೀಖು, ಕೊಲ್ಲಾಪುರದ ಕೇಶವರಾವ್ ಭೋಸಲೆ ಎಂಬ ಹದಿನೇಳರ ಹುಡುಗ, ತಾನು ಬೆಳೆದ ‘ಸ್ವದೇಶ ಹಿತಚಿಂತಕ’ ಮಂಡಳಿಯನ್ನು ಬಿಟ್ಟು ತನ್ನದೇ ‘ಲಲಿತಕಲಾದರ್ಶ’ವನ್ನು ಸ್ಥಾಪಿಸಿದ. ‘ಶಾರದಾ’ ನಾಟಕದ ಶಾರದೆಯಾಗಿ ಅವನು ಎಳೆಯ ವಯಸ್ಸಿನಲ್ಲೇ ಹೆಸರಾಗಿದ್ದ. ಮರಾಠಿ ರಂಗಭೂಮಿಯ ಇಷ್ಟು ದೊಡ್ಡದೊಂದು ಸಂಸ್ಥೆ ಹುಬ್ಬಳ್ಳಿಯಲ್ಲಿ ಹುಟ್ಟಿತೆಂಬುದು ಹುಬ್ಬಳ್ಳಿಯವರಲ್ಲಿಯೂ ಎಲ್ಲರಿಗೂ ಗೊತ್ತಿರಲಾರದು.

ಇತ್ತ ಬಾಲಗಂಧರ್ವರನ್ನು ಕಳೆದುಕೊಂಡ ಕಿರ್ಲೋಸ್ಕರ ಮಂಡಳಿಯವರು ಸುಮ್ಮನೆ ಕುಳಿತಿರಲಿಲ್ಲ. ಗೋವೆಯ ಮಂಗೇಶಿಯಿಂದ ದೀನಾನಾಥ ಮಂಗೇಶಕರ ಎಂಬ ಬಾಲಕನನ್ನು ಕರೆತಂದರು. ಮಿಂಚಿನಂಥ ತಾನುಗಳ ಕಂಠ. ಆದರೆ ೧೯೧೮ರಲ್ಲಿ ಅವರೂ, ಚಿಂತಾಮಣರಾವ್ ಕೊಲ್ಹಟಕರ ಮತ್ತು ಕೃಷ್ಣರಾವ್ ಕೊಲ್ಹಾಪುರೆಯವರೂ ಕೂಡಿ ಮಂಡಳಿ ಬಿಟ್ಟು ಬೋರಿವಲಿಯಲ್ಲಿ ‘ಬಳವಂತ ಸಂಗೀತ ಮಂಡಳಿ’ಯನ್ನು ತೆರೆದರು. ದಿನಬೆಳಗಾದರೆ ಬೋರಿವಲಿ ಗಾಡಿಗೆ ನೂಕಾಡುವ ನಮ್ಮ ಬಂಧುಗಳಿಗೆ ಇದು ತಿಳಿದಿರಲಿ. ಲತಾ ಮಂಗೇಶಕರರ ತಂದೆಯವರ ಕಂಪನಿ ಹುಟ್ಟಿದುದು ಆ ಊರಿನಲ್ಲಿ. ಐದು ವರ್ಷಗಳಲ್ಲಿ ಎರಡು ಸಲ ಒಡೆದ ಕಿರ್ಲೋಸ್ಕರ ಮಂಡಳಿಗೆ ಮತ್ತೆ ಹಿಂದಿನ ಕಳೆ ಬರಲಿಲ್ಲ.

ಹೀಗೆ ೧೯೨೦ರ ಹೊತ್ತಿಗೆ ಊರೆಲ್ಲ ಪಕ್ಷ ಕಟ್ಟಿ ನಿಂತಿತ್ತು. ಗಂಧರ್ವರ ಅಭಿಮಾನಿ ಭೋಸಲೆಯವರ ಹಾಡನ್ನು ಹೊಗಳಲಾರ, ಭೋಸಲೆಯವರ ಕಡೆಯವನು ಗಂಧರ್ವರನ್ನು ಒಪ್ಪಲಾರ. ಆ ವರ್ಷದ ಆಗಸ್ಟ್ ಒಂದರಂದು ತಿಲಕರು ಮುಂಬಯಿಯಲ್ಲಿ ದಿವಂಗತರಾದರು. ಅವರ ಹೆಸರಿನ ಸ್ವರಾಜ್ಯ ನಿಧಿಗೆ ದೇಶವೆಲ್ಲ ಹಣ ಕೂಡಿಸುತ್ತಿದ್ದಾಗ, ೧೯೨೧ರ ಜುಲೈ ೮ರಂದು, ಮುಂಬಯಿಯ ಬಾಲಿವಾಲಾ ಗ್ರ್ಯಾಂಡ್ ಥಿಯೇಟರಿನಲ್ಲಿ ‘ಸಂಯುಕ್ತ ಮಾನಾಪಮಾನ’ ನಡೆಯಿತು. ಗಂಧರ್ವ ಮಂಡಳಿಯ ಬಾಲಗಂಧರ್ವರು ಭಾಮಿನಿ, ಲಲಿತಕಲಾದರ್ಶದ ಕೇಶವರಾವ್ ಭೋಸಲೆಯವರು ಧೈರ್ಯಧರ. ಸೇನಾಪತಿ ಬಡವನೆಂದು ಹೀಯಾಳಿಸಿದ ಸಿರಿವಂತರ ಮಗಳು, ಆ ಅವಮಾನಕ್ಕೆ ಮುನಿದ ಸೇನಾಪತಿ, ಇದು ನಾಟಕದ ಕಥೆ. ಮಾನಕ್ಕೂ ಅಪಮಾನಕ್ಕೂ ಮಂಡಳಿಗಳು ಒಡೆಯುತ್ತಿದ್ದ ಕಾಲದಲ್ಲಿ ಆ ಹೆಸರಿನ ನಾಟಕವನ್ನೇ ಆರಿಸಿಕೊಂಡದ್ದು ಬೇಕೆಂದೋ ಬೇಡವೆಂದೋ, ಚೆನ್ನಾಗಿಯೇ ಒಪ್ಪಿತು. ಮೇಲಿನ ದರದ ಟಿಕೆಟ್ಟು ೧೦೦ ರೂಪಾಯಿ. ಆಗಿನ ೧೦೦ ರೂಪಾಯಿಗೆ ನಾಲ್ಕೈದು ತೊಲೆ ಬಂಗಾರ ಬರುತ್ತಿತ್ತು. ಒಂದು ರಾತ್ರಿಯಲ್ಲಿ ೧೬,೦೦೦ ರೂಪಾಯಿಗಳಿಗೂ ಮಿಕ್ಕಿ ಕೂಡಿತು. ಕೂಡಿ ಆಡಿದರೆಂದು ಮಂಡಳಿಗಳೇನೂ ಒಂದಾಗಲಿಲ್ಲ, ಒಂದಾಗಬೇಕಾಗಿಯೂ ಇರಲಿಲ್ಲ. ‘ಸೌಭದ್ರ’ವನ್ನೂ ಹೀಗೆಯೇ ಸಂಯುಕ್ತವಾಗಿ ಆಡಿದರು. ಅದೇ ಅಕ್ಟೋಬರ್ ೪ರಂದು ಕೇಶವರಾಯರು ವಿಷಮಜ್ವರದಿಂದ ತೀರಿಕೊಂಡರು, ವಯಸ್ಸು ೩೧.

ಈಗ ಎರಡು ಮಂಡಳಿಗಳ ಮುಂದಿನ ದಾರಿಯನ್ನು ಹೋಲಿಸಿ ನೋಡಿ. ಲಲಿತಕಲಾದರ್ಶಕ್ಕೆ ಮಾಲಕರೂ ಹೋದರು, ಕಂಠವೂ ಹೋಯಿತು. ಆದರೂ ಬಾಪೂರಾವ್ ಪೆಂಢಾರಕರರು ಅದನ್ನು ಕೈಗೆತ್ತಿಕೊಂಡು, ೧೯೨೨ರಲ್ಲಿ ವರೇರಕರರ ‘ಸತ್ತೇಚೆ ಗುಲಾಮ’ದಂಥ ಹೊಸ ಕಾಲದ ನಾಟಕವನ್ನು ಆಡಿಸಿ, ೧೯೩೭ರಲ್ಲಿ ತಾವು ತೀರಿಕೊಳ್ಳುವವರೆಗೆ ನಡೆಸಿದರು, ೧೯೪೨ರಲ್ಲಿ ಅವರ ಮಗ ಭಾಲಚಂದ್ರರು ಮತ್ತೆ ಎಬ್ಬಿಸಿದರು. ಗಂಧರ್ವ ಮಂಡಳಿಯಲ್ಲಿ ಎಲ್ಲವೂ ಒಬ್ಬರ ಸುತ್ತ ತಿರುಗುತ್ತಿತ್ತು. ಅಹಮದ್‌ಜಾನ್ ತಿರಕವಾ ಅವರ ತಬಲಾ, ಕಾದರ್‌ಬಕ್ಷರ ಸಾರಂಗಿ, ಇಂಥ ಪಕ್ಕವಾದ್ಯ ಬೇರೆ ಯಾವ ಕಂಪನಿಗೂ ಇರಲಿಲ್ಲ. ನಿಜವಾದ ಜರಿಯ ಸೀರೆ, ನಿಜವಾದ ಅತ್ತರು, ೧೯೨೦ರ ‘ದ್ರೌಪದಿ’ಗೆ ಸಾವಿರಗಟ್ಟಲೆ ಖರ್ಚಿನ ಸಭಾಭವನ. ಹಾಡಿನಿಂದ ಬಂದುದು ಪರದೆಗೆ ಹೋಯಿತು; ಸಾಲ ತೀರಿಸಲಿಕ್ಕೆ ವರ್ಷಗಟ್ಟಲೆ ದುಡಿಯಬೇಕಾಯಿತು. ಜತೆಯವರು ಒಬ್ಬೊಬ್ಬರಾಗಿ ಕಳಚಿದರು. ನಾಯಕನ ಪಾತ್ರ ಮಾಡುತ್ತಿದ್ದ ವಿನಾಯಕರಾವ್ ಪಟವರ್ಧನರು ೧೯೩೨ರಲ್ಲಿ ಪುಣೆಯಲ್ಲಿ ಸಂಗೀತ ಶಾಲೆ ತೆರೆದರು. ಧಾಟಿ ಹಾಕುತ್ತಿದ್ದ ಮಾಸ್ಟರ್ ಕೃಷ್ಣರಾಯರು ಚಿತ್ರಪಟಕ್ಕೆ ಹೋದರು. ಇವು ಜಗಳಗಳಲ್ಲ, ಹೊಟ್ಟೆಪಾಡು. ೧೯೩೧ರ ಮಾರ್ಚ್‌ನಲ್ಲಿ ಮುಂಬಯಿಯ ಮೆಜೆಸ್ಟಿಕ್‌ನಲ್ಲಿ ‘ಆಲಂ ಆರಾ’ ಮಾತನಾಡಿದ ಮೇಲೆ ಯಾವ ನಾಟಕ ಕಂಪನಿಗೂ ನೆಮ್ಮದಿ ಉಳಿಯಲಿಲ್ಲ. ೧೯೩೪ರ ಕೊನೆಗೆ ಗಂಧರ್ವ ಮಂಡಳಿ ಬಾಗಿಲು ಹಾಕಿತು. ೧೯೩೫ರಲ್ಲಿ ಬಾಲಗಂಧರ್ವರೇ ಪ್ರಭಾತ್‌ನವರ ‘ಧರ್ಮಾತ್ಮಾ’ ಚಿತ್ರದಲ್ಲಿ ಏಕನಾಥರಾದರು. ಚಿತ್ರಪಟ ಅವರಿಗೆ ಒಗ್ಗಲಿಲ್ಲ. ಮತ್ತೆ ನಾಟಕಕ್ಕೆ ಬಂದರು.

ಈ ಇಸವಿಗಳನ್ನು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಗೋಹರ್‌ಬಾಯಿ ಕರ್ನಾಟಕಿಯವರು ಗಂಧರ್ವ ಮಂಡಳಿಗೆ ಬಂದುದು ೧೯೩೮ರಲ್ಲಿ.

ಅವರು ಬೀಳಗಿಯವರು, ಆಗಿನ ವಿಜಾಪುರ ಜಿಲ್ಲೆ, ಈಗಿನ ಬಾಗಲಕೋಟೆ. ‘ಕಿಸ್ಮತ್’ ಚಿತ್ರದ ಹಾಡುಗಳಿಂದ ೧೯೪೩ರಲ್ಲಿ ದೇಶಕ್ಕೆಲ್ಲ ಪರಿಚಿತರಾದ ಅಮೀರಬಾಯಿ ಕರ್ನಾಟಕಿಯವರ ಸೋದರಿ. ಅಕ್ಕತಂಗಿಯರಿಬ್ಬರೂ ನಮ್ಮ ಕಡೆಯ ನಾಟಕ ಕಂಪನಿಗಳಲ್ಲಿ ಪಳಗಿ ಮುಂಬಯಿಗೆ ಬಂದವರು. ಗೋಹರ್‌ಬಾಯಿಯವರು ಬಾಲಗಂಧರ್ವರ ಗಾಯನದ ರೀತಿಯನ್ನು ಎಷ್ಟು ಮೈಗೂಡಿಸಿಕೊಂಡಿದ್ದರೆಂದರೆ, ಆ ಕಂಠವನ್ನು ಕಂಪನಿಯೇ ಹುಡುಕಿಕೊಂಡು ಹೋಗಬೇಕಾದಂಥದು. ಬಾಲಗಂಧರ್ವರಿಗೆ ಆಗ ಐವತ್ತು. ಭಾಮಿನಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಪುರುಷಪಾತ್ರಕ್ಕೆ ಇಳಿಯಲೇಬೇಕಾದ ವಯಸ್ಸು. ಹೀರಾಬಾಯಿ ಬಡೋದೇಕರರಂಥ ಗಾಯಕಿಯರು ಅಷ್ಟರಲ್ಲಿ ರಂಗವೇರಿದ್ದರು. ಹೀಗಿದ್ದೂ ಗಂಧರ್ವ ಮಂಡಳಿಯಲ್ಲಿ ಹೆಣ್ಣಿನ ಪಾತ್ರಕ್ಕೆ ಹೆಣ್ಣು ಬಂದಳೆಂದರೆ ಹಳಬರಿಗೆ ಸಹಿಸಲಿಲ್ಲ. ಕೆಲವರು ಬಿಟ್ಟು ಹೋದರು. ಹೆಂಗಸು, ಮುಸಲ್ಮಾನಳು, ಪರನಾಡಿನವಳು ಎಂಬ ಮೂರೂ ಮಾತು ಒಟ್ಟಿಗೆ ಕೇಳಿಬಂದವು. ಬಾಲಗಂಧರ್ವರ ಅವನತಿಗೆ ಇವಳೇ ಕಾರಣವೆಂದು ಬರೆದವರು ಬರೆದರು. ಬರೆದುದು ಪುಸ್ತಕವಾಯಿತು, ಪುಸ್ತಕ ಲೋಕಾಭಿಪ್ರಾಯವಾಯಿತು.

ಅವರಿಬ್ಬರ ಸಂಬಂಧದ ಒಳಗನ್ನು ಅಳೆಯಲು ನಾವಾರು? ಆದರೆ ಕಂಪನಿಯ ಲೆಕ್ಕವನ್ನಂತೂ ಅಳೆಯಬಹುದು. ಪಾಲುದಾರರು ಬಿಟ್ಟುಹೋದಾಗ ಈಕೆ ಎಳೆಯ ಹುಡುಗಿ. ಸಾಲ ಬೆಳೆದಾಗ ಈಕೆ ಮಂಡಳಿಯಲ್ಲಿ ಇರಲಿಲ್ಲ. ‘ಆಲಂ ಆರಾ’ ಬಂದಾಗಲೂ ಇಲ್ಲ, ಬಾಗಿಲು ಹಾಕಿದಾಗಲೂ ಇಲ್ಲ. ಬಾಗಿಲು ಹಾಕಿದ್ದ ಮನೆಗೆ ಬಂದವರನ್ನು ಮನೆಮುರುಕಿ ಎಂದರೆ ಹೇಗೆ? ೧೯೧೩ರಲ್ಲಿ ಬಿಟ್ಟುಹೋದವರನ್ನು ಕೃತಘ್ನರೆಂದರು, ೧೯೩೮ರಲ್ಲಿ ಬಂದು ಸೇರಿದವರನ್ನು ಮಾಟಗಾತಿ ಎಂದರು. ಮೊದಲಿನ ಬೈಗುಳನ್ನು ಕೀರ್ತಿ ಅಳಿಸಿತು. ಎರಡನೆಯದನ್ನು ಅಳಿಸಲಿಕ್ಕೆ ಬಹಳ ವರ್ಷ ಯಾರೂ ಬರಲಿಲ್ಲ. ಕನ್ನಡದಲ್ಲಿ ರಹಮತ್ ತರೀಕೆರೆಯವರು ಅಮೀರಬಾಯಿಯವರ ಚರಿತ್ರೆ ಬರೆದ ಮೇಲೆ ಈ ಸೋದರಿಯರ ಕಡೆಗೆ ನಮ್ಮವರ ಗಮನ ಸ್ವಲ್ಪಮಟ್ಟಿಗೆ ಹರಿದಿದೆ. ಮುಂಬಯಿ ಕನ್ನಡಿಗರಾದ ನಾವು ಅವರನ್ನು ಇನ್ನಷ್ಟು ನಮ್ಮವರೆನ್ನಬೇಕಾಗಿದೆ.

ಗೋಹರ್‌ಬಾಯಿಯವರು ಕಂಪನಿಯಲ್ಲಿ ಹಾಡಿದರು, ವ್ಯವಹಾರ ನೋಡಿದರು. ನಾಟಕಗಳು ಕಡಿಮೆಯಾದ ಮೇಲೆ ಭಜನೆಯ ಬೈಠಕ್ಕುಗಳಿಂದ ದಿನ ಕಳೆಯಿತು. ೧೯೫೧ರಲ್ಲಿ ಇಬ್ಬರೂ ಮದುವೆಯಾದರು. ಬಾಲಗಂಧರ್ವರ ಕಾಲುಗಳ ಶಕ್ತಿ ಉಡುಗಿತ್ತು. ಮಾಹೀಮಿನ ಸಣ್ಣ ಬಿಡಾರದಲ್ಲಿ ಅವರ ಆರೈಕೆಯೆಲ್ಲ ಈಕೆಯ ಪಾಲಿಗೆ ಬಂತು. ೧೯೬೪ರಲ್ಲಿ ಸರಕಾರ ಬಾಲಗಂಧರ್ವರಿಗೆ ಪದ್ಮಭೂಷಣ ಕೊಟ್ಟಿತು. ಅದೇ ವರ್ಷ ಗೋಹರ್‌ಬಾಯಿ ತೀರಿಕೊಂಡರು. ಮರುವರ್ಷ ಅಮೀರಬಾಯಿಯವರೂ ಹೋದರು. ಬಾಲಗಂಧರ್ವರು ೧೯೬೭ರ ಜುಲೈ ೧೫ರವರೆಗೆ ಬದುಕಿದ್ದರು.