ಹನೌಮಾ ಕೊಲ್ಲಿಗೆ ಬಂದ ಜನ

ಹವಾಯಿಯ ಒವಾಹು ದ್ವೀಪದ ಆಗ್ನೇಯ ತುದಿಯಲ್ಲಿ ಹನೌಮಾ ಎಂಬ ಕೊಲ್ಲಿಯಿದೆ. ಜ್ವಾಲಾಮುಖಿಯ ಬಾಯಿಯ ಒಂದು ಬದಿ ಕುಸಿದು ಸಮುದ್ರ ಒಳನುಗ್ಗಿದ ಜಾಗವಿದು. ಅಲೆಗಳನ್ನು ಹವಳದ ದಿಬ್ಬ ತಡೆಯುವುದರಿಂದ ದಡದ ನೀರು ಶಾಂತ. ಈಜು ಅಷ್ಟಾಗಿ ಬಾರದವರೂ ಮುಖಕ್ಕೆ ಮಾಸ್ಕ್ ಹಾಕಿ, ಸ್ನಾರ್ಕೆಲ್ ಕೊಳವೆ ಬಾಯಲ್ಲಿ ಕಚ್ಚಿ ಮೀನು ನೋಡಬಹುದು. ಆ ಸೌಲಭ್ಯವೇ ಕೊಲ್ಲಿಗೆ ಮುಳುವಾಯಿತು.

1961ರಲ್ಲಿ ಎಲ್ವಿಸ್ ಪ್ರೀಸ್ಲಿಯ ‘ಬ್ಲೂ ಹವಾಯಿ’ ಚಿತ್ರ ಈ ದಡವನ್ನು ಲೋಕಕ್ಕೆ ತೋರಿಸಿತು. 1967ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಕಡಲಪ್ರದೇಶವೆಂದು ಸಾರಿ ಮೀನುಗಾರಿಕೆ ನಿಲ್ಲಿಸಿತು. ಬಲೆಗಳು ಹೋದವು, ಪ್ರವಾಸಿಗರು ಬಂದರು. 1980ರ ದಶಕದ ಕೊನೆಗೆ ವರ್ಷಕ್ಕೆ ಸುಮಾರು 30 ಲಕ್ಷ ಮಂದಿ! ಮೀನಿಗೆ ಬಟಾಣಿ, ಬ್ರೆಡ್ ಎರಚುತ್ತಿದ್ದರು; ದಣಿದಾಗ ಹವಳದ ಮೇಲೆಯೇ ನಿಲ್ಲುತ್ತಿದ್ದರು. ಕಲ್ಲಿನಂತೆ ಕಂಡರೂ ಅದರ ಮೇಲ್ಪದರದಲ್ಲಿರುವುದು ಪುಟ್ಟ ಜೀವಿಗಳು, ಕಾಲಿಟ್ಟರೆ ಸಾಯುತ್ತವೆ.

1990ರಿಂದ ಹೊನಲುಲು ನಗರಾಡಳಿತ ಒಂದೊಂದಾಗಿ ಕಟ್ಟಲೆ ತಂದಿತು: ವಾರಕ್ಕೊಂದು ದಿನ ಬಾಗಿಲು ಬಂದ್, ಪ್ರವೇಶ ಶುಲ್ಕ, ಮೀನಿಗೆ ತಿನಿಸು ಹಾಕುವಂತಿಲ್ಲ. 2002ರಿಂದ ನೀರಿಗಿಳಿಯುವ ಮೊದಲು ಕಿರುಚಿತ್ರವೊಂದನ್ನು ನೋಡಲೇಬೇಕಾಯಿತು. 2020ರಲ್ಲಿ ಕೋವಿಡ್‌ನಿಂದಾಗಿ ತಿಂಗಳುಗಟ್ಟಲೆ ಮುಚ್ಚಿದಾಗ ನೀರು ಇನ್ನಷ್ಟು ತಿಳಿಯಾಯಿತು. ಮತ್ತೆ ತೆರೆದ ಮೇಲೆ ಹಳೆಯ ಜನಜಂಗುಳಿಗೆ ಅವಕಾಶ ಕೊಡಲಿಲ್ಲ. ಈಗ ವಾರಕ್ಕೆ 2 ದಿನ ರಜೆ, ಹೊರಗಿನವರಿಗೆ ಮುಂಗಡ ಬುಕಿಂಗ್ ಕಡ್ಡಾಯ.

ಮೀನು ಹಿಡಿಯುವವರನ್ನು ತಡೆಯಲು ಇಲ್ಲಿ ಒಂದು ಆದೇಶ ಸಾಕಾಗಿತ್ತು. ಮೀನು ನೋಡಲು ಬಂದವರಿಗೆ ಮಿತಿ ಹಾಕಲು ದಶಕಗಳೇ ಹಿಡಿದವು. ರಜೆಗೆ ಅಂಡಮಾನಿಗೋ ಲಕ್ಷದ್ವೀಪಕ್ಕೋ ಹೊರಡುವ ನಾವು ಆ ಎರಡನೆಯ ಗುಂಪಿನವರು.