ಪ್ಲೇಟ್ ಹಾಕಿಸಿ ಎತ್ತರಿಸಿದರೆ ಹಳೆಯ ಪಿಕಪ್ ಹೆಚ್ಚು ಲೋಡ್ ಹೊರುತ್ತದೆಯೇ?

ಪೀಣ್ಯದ ಶೆಡ್ಡುಗಳಿಂದ ಎಲೆಕ್ಟ್ರಾನಿಕ್ ಸಿಟಿಗೆ ಬಿಡಿಭಾಗ ಸಾಗಿಸುವುದಕ್ಕೂ ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟುಗಳಿಗೆ ಮನೆ ಸಾಮಾನು ತಲುಪಿಸುವುದಕ್ಕೂ ಸಣ್ಣ ಗೂಡ್ಸ್ ಗಾಡಿಗಳೇ ಬೇಕು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಇಂಥ ಒಂದೇ ಗಾಡಿಯನ್ನು ನಂಬಿ ಬದುಕು ಕಟ್ಟಿಕೊಂಡವರು ಬಹಳ. ಹೊಸದು ಕೊಳ್ಳಲಾಗದವರು ಸೆಕೆಂಡ್ ಹ್ಯಾಂಡ್ ಪಿಕಪ್ ತರುತ್ತಾರೆ. ಆದರೆ ಹಳೆಯ ಗಾಡಿಯ ಹಿಂಭಾಗ ಆಗಲೇ ಕೂತಿರುತ್ತದೆ. ಲೋಡ್ ಹಾಕಿದರೆ ಹಂಪ್‌ಗಳಲ್ಲಿ ಅಡಿಭಾಗ ತಾಗುತ್ತದೆ.

ಆಗ ಸಿಗುವ ಸಲಹೆ ಒಂದೇ: “ಎರಡು ಪ್ಲೇಟ್ ಜಾಸ್ತಿ ಹಾಕಿಸಿ, ಗಾಡಿ ಮೇಲೇಳುತ್ತೆ, ಲೋಡೂ ಜಾಸ್ತಿ ತಡೆಯುತ್ತೆ.” ಕಡಿಮೆ ಖರ್ಚಿನ ಈ ಸಲಹೆಯಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ಒಂದೊಂದಾಗಿ ನೋಡೋಣ.

ನಂಬಿಕೆ 1: ಪ್ಲೇಟ್ ಹೆಚ್ಚಿದರೆ ಗಾಡಿಯ ಬಲ ಹೆಚ್ಚುತ್ತದೆ

ಪಿಕಪ್‌ಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಇರುವುದು ಲೀಫ್ ಸ್ಪ್ರಿಂಗ್. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಯು-ಬೋಲ್ಟ್‌ನಿಂದ ಆಕ್ಸಲ್‌ಗೆ ಕಟ್ಟಿರುತ್ತಾರೆ. ಐದು ಪಟ್ಟಿಗಳ ಜೊತೆ ಅಂಥದ್ದೇ ಇನ್ನೊಂದು ಸೇರಿಸಿದರೆ ಸ್ಪ್ರಿಂಗಿನ ಗಡಸುತನ ಸುಮಾರು ಶೇ. 20ರಷ್ಟು ಹೆಚ್ಚುತ್ತದೆ. ದಪ್ಪ ಪಟ್ಟಿ ಹಾಕಿದರೆ ವ್ಯತ್ಯಾಸ ಇನ್ನೂ ದೊಡ್ಡದು. ಉದ್ದ, ಅಗಲ ಅಷ್ಟೇ ಇದ್ದರೂ 8 ಮಿ.ಮೀ. ಪಟ್ಟಿಗಿಂತ 10 ಮಿ.ಮೀ. ಪಟ್ಟಿ ಹೆಚ್ಚುಕಡಿಮೆ ಎರಡು ಪಟ್ಟು ಗಡಸು.

ಹೀಗಾಗಿ ಲೋಡ್ ಹಾಕಿದಾಗ ಗಾಡಿ ಮೊದಲಿನಷ್ಟು ಕೂರುವುದಿಲ್ಲ. ನಾವು ಮೋಸ ಹೋಗುವುದು ಇಲ್ಲೇ. ಭಾರ ಹೊರುವುದು ಸ್ಪ್ರಿಂಗ್ ಮಾತ್ರವಲ್ಲ. ಆಕ್ಸಲ್, ಬೇರಿಂಗ್, ಹಬ್, ಟೈರ್, ಚಾಸಿ ಎಲ್ಲವೂ ಹೊರುತ್ತವೆ, ನಿಲ್ಲಿಸುವ ಹೊಣೆ ಬ್ರೇಕಿನದು. ಇವುಗಳಲ್ಲಿ ಯಾವುದು ದುರ್ಬಲವೋ ಅದೇ ಗಾಡಿಯ ಮಿತಿ. ಸ್ಪ್ರಿಂಗ್ ಗಟ್ಟಿಯಾದರೆ ಉಳಿದವು ಗಟ್ಟಿಯಾಗುವುದಿಲ್ಲ, ಅತಿಭಾರ ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೇ. ಖಾಲಿ ಓಡುವಾಗ ಇನ್ನೊಂದು ತೊಂದರೆ: ಗಡಸು ಸ್ಪ್ರಿಂಗಿನಿಂದ ಹಿಂದಿನ ಚಕ್ರಗಳು ಪುಟಿಯುತ್ತವೆ, ಮಳೆಯ ರಸ್ತೆಯಲ್ಲಿ ಹಿಡಿತ ತಪ್ಪುತ್ತದೆ.

ನಂಬಿಕೆ 2: ಎತ್ತರಿಸಿದರೆ ಅಡಿಭಾಗ ತಾಗುವುದೇ ಇಲ್ಲ

ಇದು ಅರ್ಧ ಸತ್ಯ. ಪ್ಲೇಟ್ ಸೇರಿಸಿದಾಗ, ಅಥವಾ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಬ್ಲಾಕ್ ಇಟ್ಟಾಗ ಮೇಲೇಳುವುದು ಚಾಸಿ ಮತ್ತು ಬಾಡಿ. ಸೈಲೆನ್ಸರ್, ಸ್ಟೆಪ್ನಿ ಹಿಡಿಯುವ ಫ್ರೇಮ್ ಮುಂತಾದವು ನೆಲದಿಂದ ದೂರವಾಗುತ್ತವೆ, ಸರಿ. ಆದರೆ ಹಿಂದಿನ ಆಕ್ಸಲ್ ಮತ್ತು ಅದರ ಮಧ್ಯದ ಗುಂಡನೆಯ ಹೌಸಿಂಗ್ ಚಕ್ರಗಳ ಜೊತೆಗೇ ಇರುತ್ತವೆ. ಗಾಡಿಯನ್ನು ಎಷ್ಟು ಎತ್ತಿದರೂ ಅವು ಇದ್ದಲ್ಲೇ ಇರುತ್ತವೆ. ಬಹಳಷ್ಟು ಪಿಕಪ್‌ಗಳಲ್ಲಿ ನೆಲಕ್ಕೆ ತೀರಾ ಹತ್ತಿರವಿರುವ ಭಾಗ ಆ ಹೌಸಿಂಗೇ.

ಹೌಸಿಂಗ್ ಮೇಲೇಳಬೇಕಾದರೆ ದೊಡ್ಡ ಟೈರ್ ಬೇಕು. ಅಲ್ಲೂ ಟೈರಿನ ವ್ಯಾಸ ಹೆಚ್ಚಿದ್ದರಲ್ಲಿ ಅರ್ಧದಷ್ಟು ಮಾತ್ರ ಎತ್ತರ ಸಿಗುತ್ತದೆ. ವ್ಯಾಸ ಶೇ. 5ರಷ್ಟು ಹೆಚ್ಚಿದರೆ, ಮೀಟರ್ 40 ತೋರಿಸುವಾಗ ಗಾಡಿ 42ರಲ್ಲಿ ಓಡುತ್ತಿರುತ್ತದೆ. ಎಂಜಿನ್ನಿಗೂ ಎಳೆಯುವುದು ಕಷ್ಟ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿಯ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಅಂಥ ಹಂಪ್‌ನಲ್ಲಿ ನಿಧಾನವಾಗಿ ದಾಟುವಾಗಲೂ ಗಾಡಿ ತಾಗುತ್ತಿದ್ದರೆ, ಗಾಡಿ ತಗ್ಗು ಎಂದುಕೊಳ್ಳುವ ಮೊದಲು ಸ್ಪ್ರಿಂಗ್ ಕೂತಿದೆಯೇ, ಲೋಡ್ ಮಿತಿ ಮೀರಿದೆಯೇ ಎಂದು ನೋಡಬೇಕು.

ನಂಬಿಕೆ 3: ಎರಡು ಮೂರು ಇಂಚಿಗೆ ಏನೂ ಆಗುವುದಿಲ್ಲ

ಒಂದು ಲೆಕ್ಕ ಮಾಡೋಣ. ಎಡ ಬಲ ಚಕ್ರಗಳ ನಡುವಿನ ಅಂತರ 130 ಸೆಂ.ಮೀ., ಲೋಡ್ ಸಮೇತ ಗುರುತ್ವ ಕೇಂದ್ರದ ಎತ್ತರ 80 ಸೆಂ.ಮೀ. ಎಂದುಕೊಳ್ಳಿ. ಅಂತರದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ 0.81. ಇಡೀ ಗಾಡಿ 8 ಸೆಂ.ಮೀ. ಮೇಲೇರಿದರೆ ಅದು 0.74ಕ್ಕೆ ಇಳಿಯುತ್ತದೆ. ಅಂದರೆ ತಿರುವಿನಲ್ಲಿ ಮಗುಚದೆ ನಿಲ್ಲುವ ಶಕ್ತಿ ಸುಮಾರು ಶೇ. 9ರಷ್ಟು ಕಡಿಮೆಯಾಯಿತು. ಎತ್ತರಕ್ಕೆ ಪೇರಿಸಿದ ಸರಕಿನೊಂದಿಗೆ ಫ್ಲೈಓವರ್‌ನ ಇಳಿಜಾರಿನ ತಿರುವಿಗೆ ಬಂದಾಗ ಇದರ ಅರಿವಾಗುತ್ತದೆ.

ಬ್ರೇಕಿನ ವಿಷಯ ಇನ್ನೂ ಸೂಕ್ಷ್ಮ. ಹಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕೆಂದು ನಿರ್ಧರಿಸುವ ಒಂದು ವಾಲ್ವ್ ಇರುತ್ತದೆ. ಎಲ್‌ಎಸ್‌ಪಿವಿ ಎಂಬುದು ಅದರ ಹೆಸರು. ಚಾಸಿ ಮತ್ತು ಆಕ್ಸಲ್ ನಡುವಿನ ಅಂತರ ನೋಡಿ ಅದು ಲೋಡ್ ಅಳೆಯುತ್ತದೆ: ಅಂತರ ಕಡಿಮೆಯಾದರೆ ಲೋಡ್ ಇದೆ, ಹೆಚ್ಚಿದರೆ ಗಾಡಿ ಖಾಲಿ. ನಾವು ಚಾಸಿಯನ್ನು ಎತ್ತರಿಸಿ ವಾಲ್ವನ್ನು ಹಾಗೇ ಬಿಟ್ಟರೆ, ತುಂಬಿದ ಗಾಡಿಯನ್ನೂ ಅದು ಖಾಲಿ ಎಂದೇ ತಿಳಿಯುತ್ತದೆ. ಹಿಂದಿನ ಬ್ರೇಕ್ ಬೇಕಾದಾಗಲೇ ಕಡಿಮೆ ಹಿಡಿಯುತ್ತದೆ.

ನಂಬಿಕೆ 4: ಇದೆಲ್ಲ ಗ್ಯಾರೇಜಿನ ಕೆಲಸ, ಆರ್‌ಟಿಒಗೆ ಸಂಬಂಧವಿಲ್ಲ

ಸಂಬಂಧವಿದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಬಹುದು. ಅತಿಭಾರಕ್ಕೆ ಕಾಯ್ದೆ ಹೇಳುವ ದಂಡ 20,000 ರೂ., ಅದರ ಮೇಲೆ ಹೆಚ್ಚುವರಿ ಟನ್ ಒಂದಕ್ಕೆ 2,000 ರೂ.

8 ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿವರ್ಷ ಎಫ್‌ಸಿ ಮಾಡಿಸಬೇಕು. ಅಲ್ಲಿ ಸಿಕ್ಕಿಬಿದ್ದರೆ ಗಾಡಿ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಕ್ಲೇಮ್ ಸಮಯದಲ್ಲಿ ತಕರಾರಿಗೂ ದಾರಿಯಾಗಬಹುದು.

ಹಾಗಾದರೆ ಕಡಿಮೆ ದುಡ್ಡಿನಲ್ಲಿ ಮಾಡಬೇಕಾದ್ದೇನು?

ಹೊಸ ಎತ್ತರ ಗಳಿಸುವ ಬದಲು ಕಳೆದುಹೋದ ಎತ್ತರವನ್ನು ವಾಪಸ್ ತರುವುದು. ಕ್ರಮ ಹೀಗಿರಲಿ:

• ಅಳೆಯಿರಿ. ಟೈರಿಗೆ ಸರಿಯಾದ ಗಾಳಿ ತುಂಬಿಸಿ, ಖಾಲಿ ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಚಕ್ರದ ಮಧ್ಯಬಿಂದುವಿನಿಂದ ಮೇಲಿನ ಬಾಡಿ ಅಂಚಿನವರೆಗೆ ಎರಡೂ ಬದಿ ಟೇಪು ಹಿಡಿಯಿರಿ. ಒಂದು ಬದಿ ತಗ್ಗಿದ್ದರೆ ಅಲ್ಲಿ ಪಟ್ಟಿ ಮುರಿದಿರಬಹುದು ಅಥವಾ ಸೋತಿರಬಹುದು.

• ಸಣ್ಣದರಿಂದ ಶುರುಮಾಡಿ. ಸವೆದ ಬುಷ್, ಶ್ಯಾಕಲ್ ಪಿನ್, ಮುರಿದ ಸೆಂಟರ್ ಬೋಲ್ಟ್, ಬಿರುಕು ಬಿಟ್ಟ ಪಟ್ಟಿ, ಇವನ್ನು ಮೊದಲು ನೋಡಿಸಿ.

• ಪಟ್ಟಿ ಸೋತಿದ್ದರೆ ಕಂಪನಿ ಹೇಳಿದ ಅಳತೆಯ ಸೆಟ್ಟನ್ನೇ ಎರಡೂ ಬದಿಗೆ ಒಟ್ಟಿಗೆ ಹಾಕಿಸಿ. ಯು-ಬೋಲ್ಟ್ ಹೊಸದಿರಲಿ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಬಿಗಿ ಇದೆಯೇ ಎಂದು ಮತ್ತೆ ನೋಡಿಸಿ.

• ಹಳೆಯ ಪಟ್ಟಿಯನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಾಗಿಸುವುದು ಬೇಡ. ಸ್ಪ್ರಿಂಗಿನ ಉಕ್ಕಿಗೆ ಪುಟಿಯುವ ಗುಣ ಬಂದಿರುವುದು ಹದವಾಗಿ ಕಾಯಿಸಿ ತಣಿಸಿದ್ದರಿಂದ. ಅಂದಾಜಿನ ಬೆಂಕಿಗೆ ಆ ಹದ ಹೋಗುತ್ತದೆ, ಪಟ್ಟಿ ಮತ್ತೆ ಕೂರುತ್ತದೆ ಅಥವಾ ಮುರಿಯುತ್ತದೆ. ಗುಜರಿಯ ಪಟ್ಟಿ ಎಷ್ಟು ದುಡಿದು ಬಂದಿದೆಯೋ ಹೊರಗಿನಿಂದ ತಿಳಿಯದು.

• ಎತ್ತರಕ್ಕಾಗಿ ಶಾಕ್ ಅಬ್ಸಾರ್ಬರ್ ಬದಲಿಸಬೇಡಿ. ಸಾಮಾನ್ಯ ಶಾಕ್ ಕುಲುಕಾಟ ತಡೆಯುತ್ತದೆಯೇ ಹೊರತು ಭಾರ ಹೊರುವುದಿಲ್ಲ. ಎಣ್ಣೆ ಸೋರುತ್ತಿದ್ದರೆ ಮಾತ್ರ ಬದಲಿಸಿ.

• ಬ್ಲಾಕ್ ಮೇಲೆ ಬ್ಲಾಕ್ ಜೋಡಿಸಬೇಡಿ. ಮುಂದಿನ ಆಕ್ಸಲ್‌ಗಂತೂ ಬ್ಲಾಕ್ ಇಡಲೇಬೇಡಿ. ಬ್ರೇಕ್ ಹಾಕಿದಾಗ ಅದು ಜಾರಿದರೆ ಸ್ಟೀರಿಂಗ್ ಕೈತಪ್ಪುತ್ತದೆ.

• ಕೊನೆಯದಾಗಿ ಆರ್‌ಸಿ ತೆಗೆದು ನೋಡಿ. ಅದರಲ್ಲಿರುವ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ನೀವು ಹೇರಬಹುದಾದ ಭಾರ. ಡ್ರೈವರ್, ಕ್ಲೀನರ್ ತೂಕವೂ ಅದರಲ್ಲೇ ಸೇರಬೇಕು. ಒಮ್ಮೆ ನಿಮ್ಮ ಎಂದಿನ ಲೋಡ್ ಸಮೇತ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ನೋಡಿ.

ಎಂದಿನ ಲೋಡೇ ಈ ಮಿತಿ ಮೀರುತ್ತಿದ್ದರೆ, ಇನ್ನೊಂದು ಟ್ರಿಪ್ ಹೊಡೆಯುವುದು ಅಥವಾ ದೊಡ್ಡ ಗಾಡಿ ನೋಡುವುದು, ಇವೆರಡೇ ದಾರಿ. ಹಳೆಯ ಗಾಡಿ ಹಿಂದೆ ಕೂರುವುದು ಒಂದು ಎಚ್ಚರಿಕೆ. ಪ್ಲೇಟ್ ಸೇರಿಸಿದರೆ ಎಚ್ಚರಿಕೆ ಮರೆಯಾಗುತ್ತದೆ, ಅಪಾಯ ಅಲ್ಲೇ ಉಳಿಯುತ್ತದೆ.