ಟವೆಲ್ಲಿನಡಿಯ ಲೆಕ್ಕ

ದೇವರಾಯನದುರ್ಗ ಹತ್ತೋರು ಎರಡೂ ನರಸಿಂಹರನ್ನ ನೋಡ್ತಾರೆ, ಕೋತಿಗಳಿಂದ ಬಾಳೆಹಣ್ಣು ಉಳಿಸಿಕೊಳ್ತಾರೆ, ನಾಮದ ಚಿಲುಮೆ ನೋಡಿಕೊಂಡು ಇಳೀತಾರೆ. ಬೆಟ್ಟಕ್ಕೆ ಹೆಸರು ಬಂದದ್ದು ಯಾರಿಂದ ಅಂತ ಕೇಳೋರು ಕಡಿಮೆ. ಮೈಸೂರಿನ ಚಿಕ್ಕದೇವರಾಜ ಒಡೆಯರು ದುರ್ಗವನ್ನು ಗೆದ್ದ ಮೇಲೆ ಬಿದ್ದ ಹೆಸರದು. 1673ರಿಂದ 1704ರವರೆಗೆ ಆಳಿದ ಇವರು ಲೆಕ್ಕಪತ್ರದಲ್ಲಿ ಬಲು ಬಿಗಿ. ಮೈಸೂರು ಸೀಮೆಗೆ ಅಂಚೆ ತಂದವರೂ ಇವರೇ. ಆದರೆ ಆ ಅಂಚೆಯವರ ಕೆಲಸ ಓಲೆ ಸಾಗಿಸೋದಕ್ಕೆ ಮುಗೀತಿರಲಿಲ್ಲ. ಆಯಾ ಸೀಮೆಯಲ್ಲಿ ಗುಟ್ಟಾಗಿ ಏನು ನಡೀತಿದೆ ಅಂತ ಅರಮನೆಗೆ ತಿಳಿಸೋದೂ ಅವರದೇ ಕೆಲಸ. ನಡುವೆ ನಿಂತವನಿಗೆ ಎರಡೂ ಕಡೆಯ ಸುದ್ದಿ ಸಿಗುತ್ತೆ ಅನ್ನೋದು ದೊರೆಗೆ ಚೆನ್ನಾಗಿ ಗೊತ್ತಿತ್ತು.

ಇದೇ ಸಂಗತಿ ನಮ್ಮ ತಾತನಿಗೆ ಗೊತ್ತಾಗಿದ್ದು ಬೆಟ್ಟದ ಕೆಳಗೆ, ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ. ಶಿವರಾತ್ರಿ ಹೊತ್ತಿಗೆ ಹಳ್ಳಿಕಾರ್ ಎತ್ತುಗಳು ಸಾಲಾಗಿ ನಿಂತಿರ್ತವೆ. ಸುತ್ತ ನೂರು ಜನ ಕಿವಿ ನಿಮಿರಿಸಿಕೊಂಡಿದ್ದರೂ ಬೆಲೆ ಯಾರ ಬಾಯಿಂದಲೂ ಬರೋದಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವೆಲ್ಲು ಇಳಿಸಿ, ಅದರಡಿಯಲ್ಲಿ ಮಾರೋನ ಬೆರಳು ಹಿಡೀತಾನೆ. ಒಂದು ಬೆರಳಿಗೆ ಒಂದು, ಎರಡಕ್ಕೆ ಎರಡು. ಅದು ಸಾವಿರವೋ ಹತ್ತು ಸಾವಿರವೋ ಎತ್ತು ನೋಡಿದರೇ ತಿಳಿಯುತ್ತೆ. ಆಮೇಲೆ ಕೊಳ್ಳೋನ ಬೆರಳು. ಪಕ್ಕದವನಿಗೆ ಏನೂ ಕಾಣೋದಿಲ್ಲ, ಆದರೆ ದಲ್ಲಾಳಿಗೆ ಎರಡೂ ಗೊತ್ತು. ತಾತ ಒಂದು ಸಲ ತನ್ನ ಕಟ್ಟಕಡೆಯ ಬೆಲೆಯನ್ನ ಬೆರಳಲ್ಲಿ ಹೇಳಿಬಿಟ್ಟಿದ್ದ. ವ್ಯಾಪಾರ ಸರಿಯಾಗಿ ಅಷ್ಟಕ್ಕೇ ಮುಗೀತು, ಒಂದು ರೂಪಾಯಿ ಮೇಲಿಲ್ಲ. "ಟವೆಲ್ಲು ಮುಚ್ಚಿದ್ದು ಊರಿಗೆ ಕಣಪ್ಪ, ಅವನಿಗಲ್ಲ" ಅಂತ ಸಾಯೋವರೆಗೂ ಹೇಳ್ತಿದ್ದ.

ದಲ್ಲಾಳಿಯೇ ಇಲ್ಲದೆ ಈ ವ್ಯಾಪಾರ ಮಾಡೋಕಾಗುತ್ತಾ? ನನ್ನ ಬೆಲೆ ನಿನಗೆ ತಿಳಿಯಬಾರದು, ನಿನ್ನದು ನನಗೆ ತಿಳಿಯಬಾರದು, ಎರಡರಲ್ಲಿ ಯಾವುದು ಹೆಚ್ಚು ಅನ್ನೋದು ಮಾತ್ರ ಗೊತ್ತಾಗಬೇಕು. ಹುಚ್ಚು ಪ್ರಶ್ನೆ ಅನಿಸುತ್ತೆ. 1982ರಲ್ಲಿ ಆಂಡ್ರ್ಯೂ ಯಾವೊ ಅನ್ನೋ ಗಣಕವಿಜ್ಞಾನಿ ಎತ್ತನ್ನು ಬಿಟ್ಟು ಇಬ್ಬರು ಕೋಟ್ಯಧೀಶರನ್ನು ಇಟ್ಟುಕೊಂಡು ಇದನ್ನೇ ಕೇಳಿದ: ತಮ್ಮ ಆಸ್ತಿ ಎಷ್ಟೆಂದು ಹೇಳದೆ ಯಾರು ಹೆಚ್ಚು ಶ್ರೀಮಂತ ಅಂತ ಅವರು ತಿಳಿಯಬಹುದೇ? ಆಗುತ್ತೆ ಅಂತ ಗಣಿತದಲ್ಲಿ ತೋರಿಸಿಯೂ ಕೊಟ್ಟ.

ಇದರ ಜಾತಿಯ ಉಪಾಯಗಳಲ್ಲಿ ಸುಲಭದ್ದೊಂದು ಹೇಳ್ತೀನಿ, ಕಾಗದ ಪೆನ್ಸಿಲ್ ಸಾಕು. ಒಬ್ಬ ರೈತನ ಕೊಬ್ಬರಿ 40 ಚೀಲ, ಇನ್ನೊಬ್ಬನದು 25. ಒಟ್ಟು ಎಷ್ಟು ಅಂತ ಮಾತ್ರ ತಿಳಿಯಬೇಕು. ಮೊದಲನೆಯವನು 40ನ್ನು ಮನಸ್ಸಿಗೆ ಬಂದಂತೆ ಮೂರು ಚೂರು ಮಾಡ್ತಾನೆ: 75, ಮೈನಸ್ 50, 15. ಎರಡನೆಯವನು 25ನ್ನು ಮೈನಸ್ 10, 60, ಮೈನಸ್ 25 ಅಂತ ಒಡೀತಾನೆ. ಮೂವರು ಗುಮಾಸ್ತರಿಗೆ ತಲಾ ಒಂದೊಂದು ಚೂರು ಕೊಡ್ತಾರೆ. ಗುಮಾಸ್ತರು ತಮಗೆ ಸಿಕ್ಕಿದ್ದನ್ನು ಕೂಡಿದರೆ 65, 10, ಮೈನಸ್ 10. ಈ ಮೂರನ್ನು ಸೇರಿಸಿ, 65 ಬಂತು. ಯಾರ ಮನೆಯಲ್ಲಿ ಎಷ್ಟು ಚೀಲ ಅಂತ ಯಾವ ಗುಮಾಸ್ತನಿಗೂ ಗೊತ್ತಿಲ್ಲ. ಮೂವರೂ ಒಂದಾಗಿ ಚೂರು ಜೋಡಿಸಿಕೊಂಡರೆ ಮಾತ್ರ ಗುಟ್ಟು ಹೋಯ್ತು. ಆದ್ದರಿಂದ ಒಬ್ಬರಿಗೊಬ್ಬರು ಆಗಿಬರದ ಮೂವರನ್ನೇ ಆರಿಸಬೇಕು!

ಡೆನ್ಮಾರ್ಕಿನವರು ಸುಮಾರಾಗಿ ಹಾಗೇ ಮಾಡಿದರು. ಅಲ್ಲಿ ಆಗ ಸಕ್ಕರೆ ಬೀಟ್ ಬೆಳೆಯೋರಿಗೆ ಕೊಳ್ಳೋ ಕಂಪನಿ ಇದ್ದದ್ದು ಒಂದೇ, ಡ್ಯಾನಿಸ್ಕೊ. ಬೀಟ್ ಪೂರೈಸೋ ಹಕ್ಕನ್ನು ರೈತರು ತಮ್ಮೊಳಗೆ ಮಾರಿ ಕೊಳ್ಳೋದಕ್ಕೆ ಒಂದು ಹರಾಜು ಬೇಕಾಗಿತ್ತು. ಆದರೆ ಯಾವ ಬೆಲೆಗೆ ಎಷ್ಟು ಬಿಡ್ತೀನಿ ಅಂತ ಬರೆದುಕೊಟ್ಟರೆ ರೈತನ ಕಷ್ಟಸುಖವೆಲ್ಲ ಕಂಪನಿಯ ಕೈಗೆ ಸಿಕ್ಕ ಹಾಗೆ. ನಾಳೆ ಚೌಕಾಸಿಗೆ ಕೂರಬೇಕಾದ್ದು ಅದೇ ಕಂಪನಿಯ ಎದುರು. 2008ರ ಜನವರಿಯಲ್ಲಿ ಸುಮಾರು 1,200 ರೈತರ ಬೆಲೆಗಳನ್ನು ಚೂರುಮಾಡಿ ಲೆಕ್ಕ ಹಾಕಿದರು. ಒಂದು ಗಣಕ ಕಂಪನಿಯದು, ಒಂದು ಬೆಳೆಗಾರರ ಸಂಘದ್ದು, ಇನ್ನೊಂದು ಸಂಶೋಧಕರದು. ಅರ್ಧ ಗಂಟೆಯಲ್ಲಿ ಎಲ್ಲರಿಗೂ ಅನ್ವಯಿಸೋ ಒಂದೇ ಬೆಲೆ ಹೊರಬಂತು, 25,000 ಟನ್ನಿನಷ್ಟು ಹಕ್ಕು ಕೈ ಬದಲಾಯಿಸಿತು. ಇಷ್ಟು ದೊಡ್ಡದಾಗಿ ಈ ವಿದ್ಯೆ ಬಳಕೆಗೆ ಬಂದದ್ದು ಅದೇ ಮೊದಲು, ಅದೂ ರೈತರ ಕೈಯಲ್ಲಿ. ಈ ಚರಿತ್ರೆ ಹೇಳೋರು ಬೀಟನ್ನು ಬೇಗ ದಾಟಿಬಿಡ್ತಾರೆ; ನನಗೆ ಅದೇ ಮುಖ್ಯ ಅನಿಸುತ್ತೆ.

ಇನ್ನೊಂದು ದಾರಿ ಚೂರು ಮಾಡೋದಲ್ಲ, ಬೀಗ ಹಾಕೋದು. ಪೆಟ್ಟಿಗೆ ತೆರೆಯದೆ ಒಳಗಿನ ಅಂಕಿಗಳನ್ನು ಕೂಡಿಸಿ ಗುಣಿಸಬಹುದೇ ಅಂತ ರಿವೆಸ್ಟ್, ಆಡಲ್‌ಮನ್, ಡರ್ಟೂಜೋಸ್ 1978ರಲ್ಲೇ ಕೇಳಿದ್ದರು. ಗುಣಾಕಾರವೊಂದೇ ಬರೋ ಬೀಗ ಇತ್ತು, ಆಮೇಲೆ ಸಂಕಲನವೊಂದೇ ಬರೋದೂ ಬಂತು. ಎರಡೂ ಎಷ್ಟು ಸಲ ಬೇಕಾದರೂ ಬರೋದು ಸಿಗೋಕೆ 2009 ಆಗಬೇಕಾಯ್ತು. ಅದನ್ನು ಕಟ್ಟಿದವನು ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿ ಕ್ರೇಗ್ ಜೆಂಟ್ರಿ. ಮೊದಮೊದಲು ಅದು ಆಮೆಗಿಂತ ನಿಧಾನ. ಈಗಲೂ ಬೀಗವಿಲ್ಲದ ಲೆಕ್ಕದಷ್ಟು ವೇಗ ಬಂದಿಲ್ಲ.

ಈ ವಿದ್ಯೆ ನಮಗೆ ದೂರದ್ದೇನಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಇದರ ಮೇಲೆ ಸಂಶೋಧನೆ ನಡೀತಿದೆ. ಅದೇ ಊರಿನ ಮೈಕ್ರೋಸಾಫ್ಟ್ ರಿಸರ್ಚ್‌ನವರು ಸಾಮಾನ್ಯ ಪ್ರೋಗ್ರಾಮನ್ನು ಇಂಥ ಗುಟ್ಟಿನ ಲೆಕ್ಕಕ್ಕೆ ತಿರುಗಿಸೋ ಈಜಿಪಿಸಿ ಅನ್ನೋ ಸಾಧನ ಮಾಡಿದಾರೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೊಕದ್ದಮೆಗೆ ಹೆಸರಾದವರೂ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ನಮ್ಮ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ತರೋ ಕೆಲಸ 2014ರಲ್ಲಿ ಶುರುವಾಯ್ತು. ತಿಪಟೂರಿನ ಕೊಬ್ಬರಿಯೂ ಈಗ ಗಣಕದ ಟೆಂಡರಿನಲ್ಲೇ ಹೋಗುತ್ತೆ. ವರ್ತಕರ ಬೆಲೆ ಒಬ್ಬರಿಗೊಬ್ಬರಿಗೆ ಕಾಣೋದಿಲ್ಲ, ಒಳ್ಳೇದೇ ಆಯ್ತು. ಆದರೆ ಮಾಮೂಲಿ ಇ-ಹರಾಜಿನಲ್ಲಿ ಹೋಲಿಸಿ ನೋಡೋ ಸರ್ವರಿಗೆ ಎಲ್ಲರ ಅಂಕಿಯೂ ಬಿಚ್ಚಿಯೇ ಕಾಣುತ್ತೆ. ತಾತ ಇದ್ದಿದ್ದರೆ ಸರ್ವರ್ ಅಂದ್ರೇನು ಅಂತ ನಾನು ವಿವರಿಸಬೇಕಾಗಿರಲಿಲ್ಲ; "ಓ, ದಲ್ಲಾಳಿ" ಅಂತಿದ್ದ.